ಔಷಧದಂಗಡಿಯ ಕೆಂಪು ಫೋನು

ನಾನು ಒಂದು ಕೆಂಪು ದೂರವಾಣಿ. ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ, ಹೆಣ್ಣುಮಕ್ಕಳ ಚುರುಕು ಬೆರಳುಗಳ ನಡುವೆ ನನಗೆ ಜೀವ ಬಂತು. ಒಬ್ಬಾಕೆ ನನ್ನ ಹೊಟ್ಟೆಯೊಳಗೆ ತಂತಿ ಬೆಸೆದಳು, ಇನ್ನೊಬ್ಬಾಕೆ ಗಂಟೆ ಕೂರಿಸಿದಳು. ಕೊನೆಯವಳು ರಿಸೀವರನ್ನು ಕಿವಿಗಿಟ್ಟು "ಹಲೋ" ಎಂದಳು. ನಾನು ಕೇಳಿದ ಮೊದಲ ಮಾತು ಅದು.

ನನ್ನ ಮೊದಲ ಮನೆ ಗಜೇಂದ್ರಗಡದ ಒಂದು ಲಾರಿ ಬುಕಿಂಗ್ ಆಫೀಸು. ಅಲ್ಲಿ ಮೆಲ್ಲಗೆ ಮಾತಾಡುವವರೇ ಇರಲಿಲ್ಲ. "ಗಾಡಿ ಎಲ್ಲಿಗೆ ಬಂತೋ?" ಎಂದು ಕೂಗುವುದು, ಸಿಟ್ಟು ಬಂದರೆ ರಿಸೀವರ್ ಕುಕ್ಕುವುದು. ನನ್ನ ಬೆನ್ನ ಮೇಲಿನ ಬಿರುಕು ಆಗಿನದು. ಆಫೀಸು ಬೇರೆ ಊರಿಗೆ ಹೋದಾಗ ಆ ಕೋಣೆಯನ್ನು ಸುಮಿತ್ರಾ ಹಂಚಿನಾಳ ಎಂಬ ಫಾರ್ಮಸಿಸ್ಟ್ ಬಾಡಿಗೆಗೆ ಹಿಡಿದು ಔಷಧದಂಗಡಿ ತೆರೆದರು. ಫೋನ್ ಸಂಪರ್ಕದ ಜೊತೆಗೆ ನಾನೂ ಅವರ ಪಾಲಿಗೆ ಬಂದೆ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಅವರು ನನ್ನ ಮೈ ಒರೆಸಿದಾಗ ಎಷ್ಟೋ ಕಾಲದ ಬೀಡಿ ವಾಸನೆ ಹೋಯಿತು.

ಸುಮಿತ್ರಕ್ಕ ಯಾರಿಗೂ ಸುಮ್ಮನೆ ಗುಳಿಗೆ ಕೊಟ್ಟು ಕಳಿಸುತ್ತಿರಲಿಲ್ಲ. ಬೇರೆ ಏನು ಔಷಧ ನಡೆದಿದೆ, ಹಿಂದೆ ಯಾವುದಾದರೂ ಮೈಗೆ ಒಗ್ಗದೆ ಹೋಗಿತ್ತೇ, ಎಲ್ಲ ವಿಚಾರಿಸುತ್ತಿದ್ದರು. "ಗುಳಿಗಿ ಕೊಡ್ರಿ ಅಂದ್ರ ಪೊಲೀಸರಂಗ ಕೇಳ್ತೀರಲ್ರೀ!" ಎಂದು ಕೆಲವರು ರೇಗುತ್ತಿದ್ದರು. ಅವರು ನಕ್ಕು ಮತ್ತೆ ಕೇಳುತ್ತಿದ್ದರು. ಸಂಶಯ ಬಂದರೆ ಕೈ ನೇರ ನನ್ನ ಕಡೆ ಬರುತ್ತಿತ್ತು, ವೈದ್ಯರಿಗೆ ಫೋನ್ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಯಂಕಪ್ಪ ಭಜಂತ್ರಿ ಬಂದ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು.

"ಅಕ್ಕಾರ, ಬಾಯಾಗ ಹುಣ್ಣಾಗ್ಯಾವ್ರೀ. ಹಚ್ಚಾಕ ಏನರ ಕೊಡ್ರಿ. ನಾಡಿದ್ದ ಮದುವಿ ಐತಿ, ವಾದ್ಯ ತುಟಿಗಿ ಇಟ್ರ ಜೀವ ಹೋದಂಗ ಆಗ್ತೈತಿ."

ಮುಲಾಮು ತೆಗೆಯಲು ಹೊರಟ ಸುಮಿತ್ರಕ್ಕ ಅವನ ಮುಂಗೈ ನೋಡಿ ನಿಂತರು.

"ಅಣ್ಣಾರ, ಇದೇನು ಹಿಂಗ ಕಪ್ಪಗಾಗೈತಿ?"

"ಎಲ್ಯರ ಬಡದಿರಬೇಕ್ರೀ."

"ಬ್ಯಾರೆ ಏನ್ ಔಷಧ ತಗೋತೀರಿ?"

"ಕೀಲುಬ್ಯಾನಿಗಿ ಗದಗಿನ ಡಾಕ್ಟರ್ ಕೊಟ್ಟಾರ. ಮನ್ಯಾಗ ಅದಾವು."

"ಈಗ ಹೋಗಿ ತರ್ರಿ. ಅಲ್ಲೀತನಕ ಒಂದೂ ನುಂಗಬ್ಯಾಡ್ರಿ."

ಗೊಣಗುತ್ತ ಹೋದ ಯಂಕಪ್ಪ ಎರಡು ಕಾಗದದ ಕವರು ಹಿಡಿದು ಬಂದ. ಎರಡರಲ್ಲೂ ಸಣ್ಣ ಹಳದಿ ಗುಳಿಗೆಗಳ ಪಟ್ಟಿಗಳು. ಸುಮಿತ್ರಕ್ಕ ಪಟ್ಟಿಗಳನ್ನು ಬೆಳಕಿಗೆ ಹಿಡಿದು ಹೆಸರು ಓದಿದರು. ಒಂದು ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ ಒಳ್ಳೆಯ ಔಷಧ, ಆದರೆ ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ರಕ್ತವನ್ನೇ ಕೆಡಿಸುತ್ತದೆ. ಇನ್ನೊಂದು ಅದರ ಜೊತೆಗೆ ದಿನಾ ನುಂಗಲು ಕೊಡುವ ವಿಟಮಿನ್. ಮನೆಯಲ್ಲಿ ಮೊಮ್ಮಕ್ಕಳು ಕವರು ಚೆಲ್ಲಿದ್ದರಂತೆ. ಮತ್ತೆ ತುಂಬುವಾಗ ಅದಲುಬದಲಾಗಿ, ದಿನದ ಗುಳಿಗೆಯ ಕವರಿಗೆ ವಾರದ್ದು ಸೇರಿತ್ತು.

"ಇದನ್ನ ದಿನಾ ತಗೊಂಡ್ರೇನು?"

"ಹೌದ್ರೀ. ಒಂದಿನಾನೂ ತಪ್ಪಿಸಿಲ್ಲ," ಎಂದ ಯಂಕಪ್ಪ, ಹೆಮ್ಮೆಯಿಂದ.

ಸುಮಿತ್ರಕ್ಕ ತಟ್ಟನೆ ನನ್ನನ್ನು ಹತ್ತಿರ ಎಳೆದುಕೊಂಡರು. ಕವರಿನ ಮೇಲಿದ್ದ ಗದಗಿನ ಡಾಕ್ಟರ್ ಜಾಲಿಹಾಳರ ನಂಬರು ತಿರುಗಿಸಿದರು. ಮೊದಲ ಸಲ ಲೈನು ಸಿಗಲಿಲ್ಲ. ಮತ್ತೆ ತಿರುಗಿಸಿದಾಗ ಒಬ್ಬ ಹುಡುಗಿ ಎತ್ತಿಕೊಂಡಳು.

"ಡಾಕ್ಟ್ರು ಪೇಷಂಟ್ ನೋಡಾಕತ್ತಾರ್ರೀ. ಸಂಜಿಗೆ ಮಾಡ್ರಿ."

"ಸಂಜೀತನಕ ಕಾಯೋ ಮಾತಲ್ಲವ್ವಾ ಇದು. ಯಂಕಪ್ಪ ಭಜಂತ್ರಿ ಮೆಥೊಟ್ರೆಕ್ಸೇಟ್ ದಿನಾ ನುಂಗ್ಯಾರ ಅಂತ ಇಷ್ಟ ಹೇಳು. ಅವರ ಬಂದು ಫೋನ್ ಹಿಡೀತಾರ."

ಆ ತುದಿಯಲ್ಲಿ ಚಪ್ಪಲಿಗಳು ಓಡಿದ ಸದ್ದು ನನಗೆ ಕೇಳಿಸಿತು. ಬಂದದ್ದು ಡಾಕ್ಟರ ದನಿ.

"ಬಾಯಾಗ ಹುಣ್ಣು ಅದಾವೇನ್ರೀ ಮೇಡಂ?"

"ಅದಾವ್ರಿ. ಕೈಮ್ಯಾಲೆ ರಕ್ತದ ಕಲೆನೂ ಅದಾವು."

"ಜ್ವರ?"

ಸುಮಿತ್ರಕ್ಕ ಯಂಕಪ್ಪನ ಹಣೆ ಮುಟ್ಟಿದರು. "ಮೈ ಬೆಚ್ಚಗ ಐತ್ರಿ."

"ಈಗಿಂದೀಗ ಕಳಿಸ್ರಿ. ನಾ ಆಸ್ಪತ್ರ್ಯಾಗ ಇಂಜೆಕ್ಷನ್ ತಯಾರ ಇಡಸ್ತೀನಿ."

ಯಂಕಪ್ಪ ಎರಡೂ ಕವರುಗಳನ್ನು ತಿರುವಿ ನೋಡಿದ. "ಅಕ್ಕಾರ, ನಾ ಏನ್ ತಪ್ಪು ಮಾಡಿನ್ರಿ?"

"ನಿಮ್ದೇನೂ ತಪ್ಪಿಲ್ಲ ಅಣ್ಣಾರ. ಎರಡೂ ಒಂದ ಬಣ್ಣ, ಯಾರಿಗೆ ಗೊತ್ತಾಗಬೇಕು? ಮೊದಲ ಗಾಡಿ ಹತ್ತ್ರಿ."

ಎದುರಿನ ಅಂಗಡಿಯ ಟೈಲರ್ ತನ್ನ ಜೀಪಿನಲ್ಲಿ ಅವನನ್ನು ಗದಗಿಗೆ ಕರೆದೊಯ್ದ. ಆಮೇಲಿನ ದಿನಗಳನ್ನು ನಾನು ಮರೆಯಲಾರೆ. ನಾನು ಗಂಟೆ ಬಾರಿಸಿದಾಗಲೆಲ್ಲ ಸುಮಿತ್ರಕ್ಕ ಬೆಚ್ಚುತ್ತಿದ್ದರು. ಕೆಮ್ಮಿನ ಔಷಧ ಬಂತೇ ಎಂದು ಯಾರೋ ಕೇಳಿದರೆ ಉಸಿರು ಬಿಟ್ಟು ಉತ್ತರ ಕೊಡುತ್ತಿದ್ದರು. ನನಗಾದರೂ ಬಾರಿಸುವುದೇ ಬೇಡ ಅನಿಸುತ್ತಿತ್ತು.

ಕೊನೆಗೆ ಡಾಕ್ಟರ ಕರೆ ಬಂತು.

"ಬಿಳಿ ರಕ್ತಕಣ ಭಾಳ ಇಳದಿದ್ವು ಮೇಡಂ. ಈಗ ಏರಾಕತ್ಯಾವು. ಜ್ವರ ಬಿಟ್ಟೈತಿ. ಮನಷ್ಯಾ ಉಳಿದ. ಇನ್ನೊಂದು ನಾಕ ದಿನ ಹಂಗ ನುಂಗಿದ್ರ ನಮ್ಮ ಕೈಯಾಗ ಇರ್ತಿರಲಿಲ್ಲ. ಇನ್ಮ್ಯಾಲೆ ಈ ಗುಳಿಗಿ ಬರದಾಗ ಸೋಮವಾರೋ ಮಂಗಳವಾರೋ, ನುಂಗೋ ವಾರದ ಹೆಸರನ್ನೂ ಬರೀತೀನಿ."

"ನಾನೂ ಕವರಿನ ಮ್ಯಾಲೆ ಬರೀತೀನ್ರಿ. ಬಾಯ್ಲೆನೂ ಹೇಳಿ ಕಳಿಸ್ತೀನಿ," ಎಂದರು ಸುಮಿತ್ರಕ್ಕ. ರಿಸೀವರ್ ಇಟ್ಟ ಮೇಲೂ ಕೈ ತೆಗೆಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಆರಿಹೋಗಿದ್ದ ಚಹಾವನ್ನು ಪೂರ್ತಿ ಕುಡಿದರು.

ಯಂಕಪ್ಪ ಆಸ್ಪತ್ರೆಯಿಂದ ಮನೆಗೆ ಬಂದು ಕೆಲ ದಿನಗಳಾದ ಮೇಲೆ ಫೋನ್ ಮಾಡಿ ನನ್ನ ಕಿವಿ ಗಡಚಿಕ್ಕುವಂತೆ ಕೂಗಿದ. "ಅಕ್ಕಾರ, ಮಿರ್ಚಿ ತಿಂದ್ನಿ ನೋಡ್ರಿ! ಉರೀಲಿಲ್ಲ!"

ಸುಮಿತ್ರಕ್ಕ ನಕ್ಕ ನಗೆಗೆ ಅಂಗಡಿಗೆ ಬಂದವರೆಲ್ಲ ತಿರುಗಿ ನೋಡಿದರು. ಅಂದಿನಿಂದ ಅವನು ಹೊಸ ಗುಳಿಗೆ ಏನು ಬಂದರೂ ಮೊದಲು ನಮಗೆ ಫೋನ್ ಮಾಡುತ್ತಿದ್ದ. ಅವನನ್ನು ನೋಡಿ ಅವನ ಓಣಿಯವರೂ ಕಲಿತರು. ಪ್ರಶ್ನೆ ಕೇಳಿದರೆ ರೇಗುತ್ತಿದ್ದವರು ಈಗ ಕೇಳುವ ಮೊದಲೇ ಹಳೆಯ ಗುಳಿಗೆ ಪಟ್ಟಿಗಳನ್ನು ಮೇಜಿನ ಮೇಲೆ ಸುರಿಯುತ್ತಿದ್ದರು.

ಮೊಬೈಲ್ ಬಂದ ಮೇಲೆ ನನ್ನ ಲೈನು ಕಿತ್ತರು. ಸುಮಿತ್ರಕ್ಕ ಅಂಗಡಿಯನ್ನು ತಂಗಿಯ ಮಗಳಿಗೆ ಒಪ್ಪಿಸಿ, ನನ್ನನ್ನು ಮನೆಗೆ ತಂದು ಕಿಟಕಿಯ ಪಕ್ಕ ಇಟ್ಟರು. ಈಗ ನನ್ನಲ್ಲಿ ಸದ್ದಿಲ್ಲ. ನನ್ನ ಆಯುಷ್ಯದಲ್ಲಿ ಸಾವಿನ ಸುದ್ದಿಗಳನ್ನೂ ಸಾಗಿಸಿದ್ದೇನೆ. ಫೋನಿನ ಹಣೆಯಲ್ಲಿ ಅದೂ ಬರೆದಿರುತ್ತದೆ. ಆದರೆ ಅಂದು ಗದಗಿನಿಂದ ಬರಬಹುದಾಗಿದ್ದ ಯಂಕಪ್ಪನ ಸುದ್ದಿ ನನ್ನ ತಂತಿಯ ಮೇಲೆ ಹಾಗೆ ಬರಲೇ ಇಲ್ಲ. ಮಧ್ಯಾಹ್ನ ಸುಮಿತ್ರಕ್ಕ ಚಾಪೆ ಹಾಸಿ ನಿಶ್ಚಿಂತೆಯಿಂದ ಒರಗಿದಾಗ, ಅದನ್ನು ನೆನೆದು ನನಗೂ ಹಾಯೆನಿಸುತ್ತದೆ.