ತೊಟ್ಟಿ ಮೇಸ್ತ್ರಿಯ ಹೆಂಡತಿ

ಮೀನೆಂದರೆ ನನಗೆ ಮೊದಲಿನಿಂದಲೂ ಆಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೊಡ್ಡ ಮೀನುಪ್ರೇಮಿ ಅಂದುಕೊಳ್ಳಬಾರದು. ಗಾಜಿನ ಮೀನುತೊಟ್ಟಿ ಮಾಡುವವರನ್ನು ಕಟ್ಟಿಕೊಂಡ ತಪ್ಪಿಗೆ ಇಪ್ಪತ್ತೆಂಟು ವರ್ಷ ಅವುಗಳ ಜೊತೆ ಬಾಳಿದೆ, ಅಷ್ಟೆ. ಬಟ್ಟೆ ನೆನೆಹಾಕೋಣ ಎಂದು ಬಕೆಟ್ಟಿಗೆ ಕೈ ಹಾಕಿದರೆ ಅದರಲ್ಲೊಂದು ಮೀನು. ಫ್ರಿಜ್ಜಿನಲ್ಲಿ ಹಾಲಿನ ಪಕ್ಕದಲ್ಲಿ ಹುಳುವಿನ ಡಬ್ಬಿ. ನಾನು ಬೈಯುತ್ತಿದ್ದೆ, ನನ್ನ ಗಂಡ ಕಿವಿಯೇ ಇಲ್ಲದವರ ಹಾಗೆ ಗಾಜು ಕೊಯ್ಯುತ್ತಿದ್ದರು. ಎಲ್ಲರೂ ಅವರನ್ನು ತೊಟ್ಟಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವರು ಅಂಟಿಸಿದ ತೊಟ್ಟಿ ಸೋರಿತು ಎಂದು ದೂರು ತಂದವರು ಒಬ್ಬರೂ ಇಲ್ಲ. ಸೋರಿಸಿದವಳು ನಾನು.

ಹೋದ ವರ್ಷ ಅಂಗಡಿಯಲ್ಲಿ ಗಾಜು ಅಳೆಯುತ್ತಾ ನಿಂತಲ್ಲೇ ಕುಸಿದರು. ಪಾರ್ಶ್ವವಾಯು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ಹೋಯಿತು. ಎಡಗೈ ಒಂದು ಉಳಿಯಿತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಎರಡು ತಿಂಗಳು ಸೂರು ನೋಡುತ್ತಾ ಮಲಗಿದ್ದರು. ನಾನು ಬೈದರೂ ಅಷ್ಟೆ, ಅತ್ತರೂ ಅಷ್ಟೆ, ಗೋಡೆಗೆ ಹೇಳಿದ ಹಾಗೆ. ಚಮಚ ಬಾಯಿಗಿಟ್ಟರೆ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಮೂಗಿಗೆ ನಳಿಕೆ ಹಾಕಿಯೇ ಊಟ ಇಳಿಸಬೇಕಾಗುತ್ತಿತ್ತು.

ಅವರಿಗೆ ವ್ಯಾಯಾಮ ಮಾಡಿಸಲು ಒಬ್ಬ ಹೆಂಗಸು ವಾರಕ್ಕೆರಡು ಸಲ ಬರುತ್ತಿದ್ದಳು. ಒಂದು ದಿನ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನಡುಮನೆಯಲ್ಲಿದ್ದ ನಮ್ಮ ತೊಟ್ಟಿಯ ಮುಂದೆ ದಾಟಿಸುತ್ತಿದ್ದವಳು ಥಟ್ಟನೆ ನಿಂತಳು.

"ಅಮ್ಮಾ, ಬೇಗ ಬನ್ನಿ ಇಲ್ಲಿ. ಇವರ ಕಣ್ಣು ನೋಡಿ!"

ನೋಡಿದೆ. ಕೆಂಪು ಮೀನು ಎಡಕ್ಕೆ ಹೋದರೆ ಕಣ್ಣು ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಆ ಮೀನಿಗೆ ನಾನೇ ಅಧ್ಯಕ್ಷ ಎಂದು ಹೆಸರಿಟ್ಟಿದ್ದೆ. ಹೊಟ್ಟೆ ಮುಂದೆ ಮಾಡಿಕೊಂಡು, ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ, ಒಂದು ಕೆಲಸವಿಲ್ಲ ಕಾರ್ಯವಿಲ್ಲ. ಎರಡು ತಿಂಗಳಿಂದ ಹೆಂಡತಿಯ ಮುಖ ನೋಡದ ಮನುಷ್ಯ ಆ ಅಧ್ಯಕ್ಷನನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹೊಟ್ಟೆ ಉರಿಯಿತು. ಆದರೆ ಅದೇ ಗಳಿಗೆಯಲ್ಲಿ ನಾನು ಕೈಯಲ್ಲಿದ್ದ ಗಂಜಿಯ ಚಮಚ ತುಟಿಗಿಟ್ಟೆ, ಅವರು ನುಂಗಿದರು.

"ಕಣ್ಣು ಓಡಾಡ್ತಿದೆ ಅಂದ್ರೆ ಮನುಷ್ಯ ಒಳಗೆ ಇದಾರೆ ಅಂತ," ಅಂದಳು ಆಕೆ. "ಇದನ್ನ ಮಾತ್ರ ನಿಲ್ಲಿಸ್ಬೇಡಿ. ಇದೂ ಹೋದ್ರೆ ಮತ್ತೆ ಹಿಡಿಯೋಕಾಗಲ್ಲ."

ನಡುಮನೆಯಿಂದ ತೊಟ್ಟಿಯನ್ನು ಅವರ ಕೋಣೆಗೆ ಸಾಗಿಸಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ. ಯಾರನ್ನಾದರೂ ಕರೆಯಬಹುದಿತ್ತು. ಕರೆಯಲಿಲ್ಲ, ನನ್ನದು ಹುಟ್ಟುಗುಣ. ನೀರು ಮೊಗೆದೆ, ಆದರೆ ಮೀನುಗಳಿಗೆಂದು ನಾಲ್ಕು ಬೆರಳು ನೀರು ಬಿಟ್ಟೆ. ತಳದಲ್ಲಿ ಕಲ್ಲುಗಳೂ ಇದ್ದವು. ಹಾಗೇ ಕೆಳಗೆ ಕಂಬಳಿ ಹಾಕಿ, ಎಳೆದು, ತಳ್ಳಿ, ಒಂದು ಮೂಲೆ ಎತ್ತಿ, ಇನ್ನೊಂದು ಮೂಲೆ ಎತ್ತಿ, ಹಳೆಯ ಇಸ್ತ್ರಿ ಮೇಜಿನ ಮೇಲೆ ಏರಿಸಿದೆ. ಮೇಜು ಅಲ್ಲಾಡುತ್ತಿತ್ತು. ನೆಲ ಡೊಂಕು ಎಂದು ಬೈದು ಒಂದು ಕಾಲಿನ ಕೆಳಗೆ ರಟ್ಟು ಮಡಿಸಿಟ್ಟೆ. ಆಮೇಲೆ ಕಲ್ಲುಗಳು ಪಾಚಿ ಹಿಡಿದಿವೆ ಎಂದು ತೆಗೆದು ಬಟ್ಟೆ ಸೋಪಿನಲ್ಲಿ ತೊಳೆದು ಹಾಕಿದೆ. ಬೆಳಿಗ್ಗೆ ನಾಲ್ಕು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ನನಗೆ ಗೊತ್ತಿರುವುದು ಸೋಪು ಒಂದೇ. ಅಧ್ಯಕ್ಷ ಮಾತ್ರ ಗಟ್ಟಿಪಿಂಡ, ಬದುಕಿದ.

ಆಮೇಲಿನ ಐದು ತಿಂಗಳು ಒಂದು ಪದ್ಧತಿಗೆ ಬಂದೆವು. ಅಧ್ಯಕ್ಷ ಈ ಕಡೆ ತಿರುಗುವಾಗ ಒಂದು ಚಮಚ, ಆ ಕಡೆ ತಿರುಗುವಾಗ ಒಂದು ಚಮಚ. ನಳಿಕೆ ತೆಗೆಸಿದೆವು. ಕೆನ್ನೆ ಸ್ವಲ್ಪ ತುಂಬಿತು.

ಒಂದು ಬೆಳಿಗ್ಗೆ ಕೆಳಗಿನ ಮನೆಯಿಂದ ಓನರಮ್ಮ ಮೇಲೆ ಹತ್ತಿ ಬಂದರು. ಆಕೆಗೆ ಮಂಡಿನೋವು, ಸುಮ್ಮಸುಮ್ಮನೆ ಮೆಟ್ಟಿಲು ಹತ್ತುವವರಲ್ಲ.

"ನೋಡಮ್ಮ, ನಮ್ಮ ಮಗಳು ಮಗು ಮಲಗಿಸೋ ರೂಮಿನ ಸೂರು ಒದ್ದೆ ಆಗಿದೆ. ಇಷ್ಟಗಲ ಕಲೆ. ತೊಟ್ಟಿಲ ನೇರಕ್ಕೆ. ನಿಮ್ಮಲ್ಲಿ ಏನು ಸೋರ್ತಿದೆ?"

ತೊಟ್ಟಿಯ ಹಿಂದೆ ಬಗ್ಗಿ ಕೈ ಆಡಿಸಿದೆ. ತಳದ ಅಂಚಿನ ಉದ್ದಕ್ಕೂ ಬೆವರಿನಂತೆ ನೀರು. ಮೇಜಿನ ಹಲಗೆ ಉಬ್ಬಿತ್ತು. ಎಷ್ಟು ದಿನದಿಂದ ಇಳಿಯುತ್ತಿತ್ತೋ, ನೆಲದ ಬಿರುಕು ಕುಡಿದುಕೊಂಡಿತ್ತು. ಕಲ್ಲು ನೀರು ಇದ್ದ ಹಾಗೇ ಒಂದೊಂದು ಮೂಲೆ ಹಿಡಿದು ಎತ್ತಿದ್ದೆನಲ್ಲ, ಅವತ್ತೇ ಅಂಟು ಬಿಟ್ಟಿರಬೇಕು.

"ರಿಪೇರಿ ಮಾಡಿಸ್ತೀನಮ್ಮ. ತೆಗಿ ಅಂತ ಮಾತ್ರ ಹೇಳ್ಬೇಡಿ," ಅಂದೆ. ನಾನು ಯಾರ ಹತ್ತಿರವೂ ಕೈ ಜೋಡಿಸಿದವಳಲ್ಲ. ಅವತ್ತು ಜೋಡಿಸಿದೆ.

ಆಕೆ ಹಾಸಿಗೆಯತ್ತ ನೋಡಿದರು. "ಮಾಡ್ಸು. ಆದ್ರೆ ಇನ್ನೊಂದು ತೊಟ್ಟು ಬಿದ್ರೆ ಈ ತೊಟ್ಟಿ ಇಲ್ಲಿ ಇರ್ಬಾರ್ದು. ಕೂಸು ಇರೋ ಮನೆ."

ನೀರೆಲ್ಲ ಖಾಲಿ ಮಾಡಿ ಮೀನನ್ನು ಬಕೆಟ್ಟಿಗೆ ಹಾಕಿದೆ. ನನ್ನ ಗಂಡನ ಕಣ್ಣು ಒಂದಿಷ್ಟು ಹೊತ್ತು ಖಾಲಿ ಗಾಜನ್ನು ಹುಡುಕಾಡಿ ಸೂರಿಗೆ ಹೋಯಿತು. ಮಧ್ಯಾಹ್ನದ ಊಟಕ್ಕೆ ಹಲ್ಲು ಕಚ್ಚಿದರು. ರಾತ್ರಿಯೂ. ಮರುದಿನವೂ. ಗಾಜಿನಂಗಡಿಯವರಿಗೆ ಫೋನು ಮಾಡಿದೆ. ಇವರ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವರು, ನನ್ನನ್ನು ಅತ್ತಿಗೆ ಎನ್ನುತ್ತಾರೆ.

"ಅತ್ತಿಗೆ, ನಾನು ಹೊರಗೆ ಕೆಲಸದ ಮೇಲೆ ಬಂದಿದೀನಿ. ಭಾನುವಾರ ಬಂದು ಮಾಡ್ಕೊಡ್ತೀನಿ. ಅಲ್ಲೀವರೆಗೂ ಮುಟ್ಬೇಡಿ."

ಅವತ್ತು ಬುಧವಾರ. ನಾಲ್ಕು ದಿನ ಊಟವಿಲ್ಲದೆ ಇವರು ಹೇಗಿರುತ್ತಾರೆ? ಇಪ್ಪತ್ತೆಂಟು ವರ್ಷ ತೊಟ್ಟಿ ಮೇಸ್ತ್ರಿಯ ಹೆಂಡತಿಯಾಗಿದ್ದೇನೆ, ಅಂಟು ಹಚ್ಚಲು ಬರುವುದಿಲ್ಲವೇ? ಹಚ್ಚುವುದನ್ನು ಸಾವಿರ ಸಲ ನೋಡಿದ್ದೇನೆ. ಬೈಯುತ್ತಾ ನೋಡಿದ್ದೇನೆ ಎನ್ನುವುದು ಬೇರೆ ಮಾತು.

ಅವರ ಪೆಟ್ಟಿಗೆಯಿಂದ ಸಿಲಿಕಾನ್ ಅಂಟಿನ ಟ್ಯೂಬು ತೆಗೆದೆ. ಖಾಲಿ ತೊಟ್ಟಿಯನ್ನು ಒರೆಸಿ, ಫ್ಯಾನು ಹಾಕಿ ಒಣಗಿಸಿದೆ. ಒಳಗಿನ ಅಂಚಿನ ಹಳೆಯ ಅಂಟಿನ ಮೇಲೆ ಹೊಸ ಅಂಟನ್ನು ದಪ್ಪಗೆ ಎಳೆದು ಬೆರಳಲ್ಲಿ ಒತ್ತಿದೆ. ಹಾಗೆ ಮಾಡುತ್ತಿರುವಾಗ ಹಿಂದಿನಿಂದ ಕರಕರ ಸದ್ದು. ತಿರುಗಿದರೆ ನನ್ನ ಗಂಡ ಎಡಗೈಯ ಹೆಬ್ಬೆರಳಿನ ಉಗುರಿನಿಂದ ಮಂಚದ ಕಂಬಿಯನ್ನು ಕೆರೆಯುತ್ತಿದ್ದರು. ಕಣ್ಣು ನನ್ನ ಮೇಲಿತ್ತು. ಬಾಯಿ ಸೊಟ್ಟ ಮಾಡಿ ಏನೋ ಹೊರಡಿಸಲು ನೋಡುತ್ತಿದ್ದರು.

"ಏನ್ರೀ, ಕಡಿತಾನಾ?" ಅಂದೆ. ಬೆನ್ನು ಕೆರೆದೆ. ಅವರು ಮತ್ತೆ ಕಂಬಿ ಕೆರೆದರು. ಕೆನ್ನೆ ಮುಟ್ಟಿದೆ, ಗಡ್ಡ ಚುಚ್ಚಿತು. "ಓಹೋ, ಗಡ್ಡ ತೆಗೀಬೇಕಾ ದೊರೆಗೆ? ಬಂದೆ ತಾಳಿ, ಎರಡು ಕೈಲಿ ಎಷ್ಟು ಕೆಲಸ ಮಾಡ್ಲಿ?" ಕೈ ತೊಳೆದು ಬಂದು ನೊರೆ ಹಚ್ಚಿ ನುಣ್ಣಗೆ ಕ್ಷೌರ ಮಾಡಿದೆ. ಬ್ಲೇಡು ಕಂಡ ಕೂಡಲೇ ಅವರು ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದು ತೊಟ್ಟಿಯತ್ತ ನೂಕಿದರು. ನಾನು ಕೈ ಬಿಡಿಸಿಕೊಂಡು, "ಆಯ್ತು, ನಿಮ್ಮ ತೊಟ್ಟೀನೇ ಮಾಡ್ತಿರೋದು, ಅವಸರ ಮಾಡ್ಬೇಡಿ," ಅಂದೆ. ಅವರ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಎಂದುಕೊಂಡೆ.

ಎರಡು ದಿನ ಅಂಟು ಒಣಗಲು ಬಿಟ್ಟೆ. ಆಮೇಲೆ ಎಲ್ಲ ಶಿಸ್ತಾಗಿ ಮಾಡಿದೆ. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚು ಮೇಲಕ್ಕೆ ಮಡಿಸಿ ಟೇಪು ಹಾಕಿದೆ. ಕರೆಂಟಿನ ಬೋರ್ಡನ್ನು ನೆಲದಿಂದ ಎತ್ತಿ ಗೋಡೆಗೆ ಕಟ್ಟಿದೆ. ಕಾಲು ತೊಟ್ಟಿ ನೀರು ಹಾಕಿ ತಳಕ್ಕೆ ಪತ್ರಿಕೆ ತುರುಕಿ ನೋಡಿದೆ, ಒಣಗಿತ್ತು. ಅರ್ಧ ಹಾಕಿದೆ, ಒಣಗಿತ್ತು. ತುಂಬಿಸಿದೆ, ಒಂದು ತೊಟ್ಟೂ ಇಲ್ಲ. ಓನರಮ್ಮನೇ ಬಂದು ಪತ್ರಿಕೆ ಮುಟ್ಟಿ ನೋಡಿ, "ಪರವಾಗಿಲ್ವೇ, ಗಂಡಸರನ್ನ ಮೀರಿಸ್ಬಿಟ್ಟೆ," ಅಂದರು. ಗಾಜಿನಂಗಡಿಯವರಿಗೆ ಫೋನು ಮಾಡಿ, ಬರಬೇಡಿ, ನಾನೇ ಮಾಡಿಬಿಟ್ಟೆ ಎಂದೆ. ಎಷ್ಟು ಬೀಗಿದೆ ಆಗ! ನೆನೆದರೆ ಬಾಯಿಗೆ ಬೆಂಕಿ ಹಾಕಿಕೊಳ್ಳಬೇಕು ಅನ್ನಿಸುತ್ತದೆ.

ಅಧ್ಯಕ್ಷ ವಾಪಸು ಬಂದ. ಚಮಚ ಒಳಗೆ ಹೋಗತೊಡಗಿತು. ಒಂಬತ್ತನೆಯ ದಿನ ಅವರು "ಅ" ಎಂದರು. ವ್ಯಾಯಾಮದವಳು ಚಪ್ಪಾಳೆ ತಟ್ಟಿದಳು. ಕೆರೆಯುವುದು ಮಾತ್ರ ಬಿಡಲಿಲ್ಲ. ಹೊತ್ತು ಗೊತ್ತಿಲ್ಲದೆ ಕರಕರ, ಕರಕರ. ಕಂಬಿಯ ಬಣ್ಣ ಎದ್ದುಬಂತು, ಉಗುರಿನಲ್ಲಿ ರಕ್ತ ಬಂತು. ನನಗೆ ತಲೆ ಕೆಟ್ಟು ಅವರ ಉಗುರನ್ನು ಬುಡದವರೆಗೂ ಕತ್ತರಿಸಿಬಿಟ್ಟೆ. ಆಮೇಲೆ ಅವರು ಬರೀ ಬೆರಳ ತುದಿಯಲ್ಲಿ ಉಜ್ಜುತ್ತಿದ್ದರು, ಸದ್ದು ಬರುತ್ತಿರಲಿಲ್ಲ.

ನನ್ನ ಅಂಟು ಹತ್ತೊಂಬತ್ತು ದಿನ ತಡೆಯಿತು. ಇಪ್ಪತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾನು ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಹೊದಿಕೆಗಳನ್ನು ಮಡಿಸುತ್ತಿದ್ದಾಗ ಫೋನು ಬಂತು. ಓನರಮ್ಮ ಬರೀ "ಬಾ, ಬಾ" ಎನ್ನುತ್ತಿದ್ದರು.

ಓಡಿದೆ. ಮೆಟ್ಟಿಲ ಮೇಲೆಲ್ಲ ನೀರು. ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಸೂರಿನ ಗಾರೆ ಒಂದು ಬಾಗಿಲಿನಷ್ಟು ಅಗಲ ಕಳಚಿ ತೊಟ್ಟಿಲ ಮೇಲೆ ಬಿದ್ದಿತ್ತು. ಓನರಮ್ಮನ ಮಗಳು ಕೂಸನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಹಾಲು ಕುಡಿಸಲು ಎತ್ತಿಕೊಂಡು ಹತ್ತು ನಿಮಿಷ ಆಗಿತ್ತಂತೆ.

ಮೇಲೆ ಹೋದೆ. ತೊಟ್ಟಿಯ ಮುಂದಿನ ಗಾಜು ಪೂರ್ತಿ ಕಳಚಿ ನೆಲದ ಮೇಲೆ ಚೂರಾಗಿತ್ತು. ನನ್ನ ಗಂಡ ಮಂಚದ ಮೇಲಿರಲಿಲ್ಲ. ಎಂಟು ತಿಂಗಳಿಂದ ತಾವಾಗಿ ಮಗ್ಗುಲು ಬದಲಿಸದ ಮನುಷ್ಯ ಹೇಗೆ ಉರುಳಿದರೋ, ನೆಲದ ಮೇಲೆ ಬೋರಲಾಗಿ ಬಿದ್ದಿದ್ದರು. ಎಡಗೈ ಮುಂದೆ ಚಾಚಿತ್ತು. ಅಂಗೈ ಗುಳಿ ಮಾಡಿ, ಅದರಲ್ಲಿ ನಿಂತ ಒಂದಿಷ್ಟು ನೀರಿನಲ್ಲಿ ಅಧ್ಯಕ್ಷನನ್ನು ಹಿಡಿದುಕೊಂಡಿದ್ದರು. ಅದು ಸತ್ತಿತ್ತು. ಮೊಣಕೈಯಲ್ಲಿ ಗಾಜು ಚುಚ್ಚಿ ರಕ್ತ ಹರಿಯುತ್ತಿದ್ದರೂ ಅವರು ಆ ಕೈಯನ್ನು ಅಲುಗಿಸಿರಲಿಲ್ಲ. ಕೂಗಲು ಬಾಯಿಲ್ಲದೆ ಎಷ್ಟು ಹೊತ್ತು ಹಾಗೆ ಬಿದ್ದಿದ್ದರೋ ದೇವರೇ ಬಲ್ಲ. ನಾನು ಅವರ ಪಕ್ಕದಲ್ಲಿ ಒದ್ದೆಯಲ್ಲೇ ಕುಳಿತು ಗೋಳೋ ಎಂದು ಅತ್ತೆ.

ಮರುದಿನ ಗಾಜಿನಂಗಡಿಯವರು ಚೂರುಗಳನ್ನು ಒಯ್ಯಲು ಬಂದರು. ಮುಂದಿನ ಗಾಜಿನ ಅಂಚಿನಿಂದ ನಾನು ಹಚ್ಚಿದ ಅಂಟನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ರಿಬ್ಬನ್ನಿನ ಹಾಗೆ ಪೂರ್ತಿ ಉದ್ದ ಕೈಗೆ ಬಂತು.

"ಅತ್ತಿಗೆ, ಹಳೇ ಅಂಟನ್ನ ತೆಗೀಲಿಲ್ವಾ?"

"ತೆಗೀಬೇಕಿತ್ತಾ?"

"ಹಳೇದರ ಮೇಲೆ ಹೊಸದು ಕೂರಲ್ಲ. ಬ್ಲೇಡು ಹಾಕಿ ಗಾಜು ಬೆತ್ತಲೆ ಆಗೋವರೆಗೂ ಕೆರೀಬೇಕು. ಕೊನೇಲಿ ಉಗುರಿಂದ ಹೀಗೆ ನೋಡ್ಬೇಕು, ಅಣ್ಣ ನಮಗೆ ಮೊದಲು ಕಲಿಸಿದ್ದೇ ಅದು," ಎಂದು ಹೆಬ್ಬೆರಳಿನ ಉಗುರಿನಿಂದ ಗಾಜಿನ ಅಂಚನ್ನು ಕೆರೆದು ತೋರಿಸಿದರು. ಕರಕರ, ಕರಕರ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡೆ. ಎಂಟು ತಿಂಗಳಲ್ಲಿ ಆ ಮನುಷ್ಯ ನನಗೆ ಹೇಳಲು ಹೊರಟದ್ದು ಒಂದೇ ಒಂದು ಮಾತು. ದಿನವೂ ಹೇಳಿದರು, ರಕ್ತ ಬರುವವರೆಗೂ ಹೇಳಿದರು. ನಾನು ಅವರ ಗಡ್ಡ ಬೋಳಿಸಿದೆ, ಉಗುರು ಕತ್ತರಿಸಿದೆ. ಒಳಗೆ ಮನುಷ್ಯ ಪೂರ್ತಿ ಇದ್ದರು, ಕಿವಿ ಇಲ್ಲದವಳು ನಾನಾಗಿದ್ದೆ.

ಓನರಮ್ಮ ಸಂಜೆ ಬಂದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮನೆ ಬಿಡು ಅನ್ನಲ್ಲಮ್ಮ. ತೊಟ್ಟಿ ಮಾತ್ರ ಇನ್ನು ಬೇಡ. ಸಣ್ಣ ಗಾಜಿನ ಜಾಡಿ ಇಟ್ಕೋ, ನನಗೇನೂ ಇಲ್ಲ," ಅಂದರು.

ಜಾಡಿ ತಂದೆ. ಅಧ್ಯಕ್ಷನ ಬಣ್ಣದ್ದೇ ಎರಡು ಮೀನು ತಂದು ಬಿಟ್ಟೆ. ಅವರ ಎದುರಿಗೆ ಹಿಡಿದೆ. ಅವರು ಸೂರು ನೋಡಿದರು. ಜಾಡಿಯನ್ನು ಎತ್ತಿ ಸೂರಿಗೂ ಅವರ ಕಣ್ಣಿಗೂ ನಡುವೆ ಹಿಡಿದು ಕೈ ಸೋಲುವವರೆಗೂ ನಿಂತೆ. "ರೀ, ಗೊತ್ತಾಯ್ತು ರೀ. ಕೆರೀಬೇಕಿತ್ತು. ತಪ್ಪಾಯ್ತು," ಅಂದೆ. ಹೇಳಲು ಇನ್ನೇನೂ ಉಳಿದಿಲ್ಲದವರ ಹಾಗೆ ಅವರ ಎಡಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು.

ವ್ಯಾಯಾಮದವಳು ಟಾರ್ಚು ಹಾಕಿ ನೋಡಿದಳು. ಬೆರಳು ಆಡಿಸಿ ನೋಡಿದಳು. ಬಾಗಿಲ ಹತ್ತಿರ ನನ್ನನ್ನು ಕರೆದು, ಮತ್ತೆ ನಳಿಕೆ ಹಾಕಿಸಬೇಕಾಗುತ್ತದೆ, ನಾಳೆಯೇ ಹಾಕಿಸಿ ಎಂದಳು.

ಅವಳು ಹೋದ ಮೇಲೆ ನನ್ನ ಕೆಂಪು ಶಾಲು ತೆಗೆದು ಹೊದ್ದುಕೊಂಡೆ. ಕಿಟಕಿಯ ಹತ್ತಿರದಿಂದ ಬಾಗಿಲಿನವರೆಗೆ ನಡೆದೆ, ನಿಧಾನವಾಗಿ ತಿರುಗಿದೆ, ಬಾಗಿಲಿನಿಂದ ಕಿಟಕಿಯವರೆಗೆ ನಡೆದೆ. ಯಾರಾದರೂ ನೋಡಿದ್ದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ಒಂದು ಕೈಯಲ್ಲಿ ಬಟ್ಟಲು, ಒಂದು ಕೈಯಲ್ಲಿ ಚಮಚ. ಪ್ರತಿ ಸಲ ತಿರುಗುವಾಗಲೂ ಅವರ ಕಣ್ಣು ನೋಡುತ್ತಿದ್ದೆ. ಒಂದು ಸಲ ತಿರುಗಲಿ, ಒಂದೇ ಒಂದು ಸಲ ನನ್ನ ಹಿಂದೆ ಬರಲಿ ಎಂದು. ಗಂಜಿ ತಣ್ಣಗಾಗಿ ಕೆನೆ ಕಟ್ಟಿತು. ಕೆಳಗಿನ ಮನೆಯಲ್ಲಿ ಮಗು ಅತ್ತು ಸುಮ್ಮನಾಯಿತು. ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಇದ್ದೆ, ಅವರು ಸೂರು ನೋಡುತ್ತಲೇ ಇದ್ದರು.