ಚುಕ್ಕಿ ಶಾರ್ಕಿನ ಮೂಗು

ನಮ್ಮಣ್ಣನ ಡೈವಿಂಗ್ ಅಂಗಡಿಯ ಬೋರ್ಡಿನ ಮೇಲಿರುವ ಶಾರ್ಕ್ ಬಾಯಿ ತೆರೆದರೆ ಎತ್ತನ್ನೂ ನುಂಗುವ ಹಾಗಿದೆ. ನಿಜವಾದದ್ದು ನನ್ನ ತೋಳಿನಷ್ಟುದ್ದ. ಹಗಲೆಲ್ಲ ಮರಳಿನ ಮೇಲೆ ಬಿದ್ದು ನಿದ್ದೆ ಹೊಡೆಯುತ್ತದೆ, ಹೆದರಿದರೆ ಸುರುಳಿ ಸುತ್ತಿಕೊಂಡುಬಿಡುತ್ತದೆ. ಅಂಥ ಪಾಪದ್ದಕ್ಕೆ ಅಣ್ಣ ಹುಲಿ ಶಾರ್ಕ್ ಅಂತ ಹೆಸರಿಟ್ಟಿದ್ದಾನೆ.

ಬಂದವರನ್ನು ಸಮುದ್ರದ ತಳಕ್ಕೆ ಕರೆದೊಯ್ಯುವುದು ನಮ್ಮಿಬ್ಬರ ಕೆಲಸ. ನೀರೊಳಗೆ ಮಾತಿಲ್ಲ, ಕೈಯೇ ಬಾಯಿ. ಅಂಗೈಯನ್ನು ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ಶಾರ್ಕ್ ಅಂತ. ಅಣ್ಣ ಅದನ್ನು ಕಣ್ಣರಳಿಸಿ, ಸಾವೇ ಎದುರು ಬಂದವನ ಹಾಗೆ ಮಾಡುತ್ತಾನೆ. ಕಳೆದ ವಾರ ಹಾಗೆ ಮಾಡಿದಾಗ ಒಬ್ಬ ಶೂರ, ಹುಲಿಯನ್ನೇ ಹಿಡಿದೆ ಅಂತ ತೋರಿಸಲು, ಮಲಗಿದ್ದ ಮೀನನ್ನು ಬಾಲ ಹಿಡಿದು ಎತ್ತಿ ಫೋಟೋ ತೆಗೆಸಿಕೊಂಡ. ಅದರ ರೆಕ್ಕೆ ಹರಿದುಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು.

"ಇನ್ಮೇಲೆ ನಾನು ಬಂದವರಿಗೆಲ್ಲ ನಿಜಾನೇ ಹೇಳೋದು," ಅಂದೆ.

"ಬೆಕ್ಕಿನಷ್ಟು ಮೀನು ನೋಡೋಕೆ ಯಾರಮ್ಮ ಬರ್ತಾರೆ? ನಿಜ ಹೇಳೋದಾದ್ರೆ ದೋಣಿ ಹತ್ತಬೇಡ. ದಡದಲ್ಲೇ ಡೈವಿಂಗ್ ಸೂಟು ತೊಳ್ಕೊಂಡು ಬಿದ್ದಿರು."

ಸಮುದ್ರಕ್ಕಿಳಿಯದೆ ನನಗೆ ಅನ್ನ ಸೇರುವುದಿಲ್ಲ, ಅದು ಅವನಿಗೂ ಗೊತ್ತು. ಆದರೂ "ಸರಿ ಬಿಡು, ಸೂಟೇ ತೊಳೀತೀನಿ," ಅಂದೆ.

ಆದರೆ ಸೂಟು ತೊಳೆಯುವವಳೇ ಸೂಟು ತೊಡಿಸುವವಳೂ ಅನ್ನೋದನ್ನು ಅವನು ಮರೆತಿದ್ದ. ಒದ್ದೆ ರಬ್ಬರಿನೊಳಗೆ ಕಾಲು ಸಿಕ್ಕಿಕೊಂಡು ಒಂಟಿಕಾಲಲ್ಲಿ ಕುಣಿಯುವ ಮನುಷ್ಯ ಎಲ್ಲಿಗೂ ಓಡಿಹೋಗಲಾರ. ಹೇಳಿದ್ದನ್ನೆಲ್ಲ ಕೇಳುತ್ತಾನೆ.

"ಮೈ ಮರಳಿನ ಬಣ್ಣ, ಕಾಳುಮೆಣಸು ಚೆಲ್ಲಿದ ಹಾಗೆ ಚುಕ್ಕಿ," ಅಂತ ಮರುದಿನ ಬಂದವರಿಗೆ ಸೂಟು ತೊಡಿಸುತ್ತಾ ಶುರುಮಾಡಿದೆ. "ಬೆನ್ನಿನ ಎರಡೂ ರೆಕ್ಕೆ ಹಿಂದೆ, ಬಾಲದ ಕಡೆಗಿರುತ್ತೆ. ಕಣ್ಣು ಥೇಟ್ ಬೆಕ್ಕಿಂದು. ಆದ್ರೆ ಇದಕ್ಕೊಬ್ಬ ದೊಡ್ಡಣ್ಣ ಇದ್ದಾನೆ, ಇದೇ ಕುಲದ ದೊಡ್ಡ ಶಾರ್ಕು, ಅವನಿಗೂ ಚುಕ್ಕಿ ಇರುತ್ತೆ. ಅದಕ್ಕೇ ಮೂಗಿನ ಕೆಳಗೆ ನೋಡಿ. ಇದರ ಮೂಗಿನ ಚರ್ಮ ಬಾಯಿವರೆಗೂ ಇಳಿದಿರುತ್ತೆ, ದೊಡ್ಡಣ್ಣಂದು ಅಷ್ಟು ಇಳಿಯಲ್ಲ. ತಲೆ ಬಗ್ಗಿಸಿ ನೋಡಿ, ಮುಟ್ಟಬೇಡಿ."

"ನಿಮ್ಮಣ್ಣ ಹುಲಿ ಅಂದ್ರಲ್ಲ?" ಅಂದರು ಒಬ್ಬರು, ದಪ್ಪಗಿನ ಬೇಕರಿಯವರು.

"ಹುಲಿ ಶಾರ್ಕ್ ಮೈಮೇಲೆ ಪಟ್ಟೆ ಇರುತ್ತೆ ಸಾರ್. ಅದು ಬಂದ್ರೆ ನಿಮಗೆ ನಾನು ಹೇಳ್ಕೊಡೋದೇ ಬೇಕಾಗಿಲ್ಲ."

ಅವರನ್ನೆಲ್ಲ ಅಣ್ಣನೇ ಕರೆದುಕೊಂಡು ಇಳಿದ. ಮುಂದಿನದು ಬೇಕರಿಯವರು ಮೇಲೆ ಬಂದಮೇಲೆ, ನಕ್ಕು ನಕ್ಕು ಹೇಳಿದ್ದು. ಅಣ್ಣ ಅಂಗೈಯನ್ನು ನೆತ್ತಿಗೇರಿಸಿ ಕಣ್ಣರಳಿಸಿದನಂತೆ. ಯಾರೂ ಹೆದರಲಿಲ್ಲ. ಎಲ್ಲರೂ ಮೀನಿನ ಸುತ್ತ ದೂರದಲ್ಲೇ ತಲೆ ಬಗ್ಗಿಸಿ ಮೂಗು ನೋಡಿದರು. ಆಮೇಲೆ ಬೇಕರಿಯವರು ಅಣ್ಣನ ಕಡೆ ತಿರುಗಿ, ಅಲ್ಲ ಅಂತ ಬೆರಳಾಡಿಸಿ, ತಮ್ಮ ಮೂಗು ಮುಟ್ಟಿ ತೋರಿಸಿದರು. ಉಳಿದವರೂ ಹಾಗೇ ಮಾಡಿದರು.

ಅಣ್ಣ ನೀರು ಸುರಿಸುತ್ತಲೇ ನಾನು ಸೂಟು ತೊಳೆಯುವ ತೊಟ್ಟಿಯ ಹತ್ತಿರ ಬಂದ. "ಏನ್ ಹೇಳ್ಕೊಟ್ಟೆ ಅವರಿಗೆ? ನೀರೊಳಗೆ ನನ್ನ ಮಾನ ಕಳೆದ್ಯಲ್ಲ!"

"ಮೀನು ಹೆದರ್ತಾ?"

"ಏನು?"

"ಮೀನು. ಸುರುಳಿ ಸುತ್ಕೊಳ್ತಾ? ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ. ಮಲಗೇ ಇತ್ತು."

"ಹಾಗಾದ್ರೆ ನಾಳೇನೂ ಸೂಟು ನಾನೇ ತೊಡಿಸ್ತೀನಿ," ಅಂದೆ. "ನಿಂದು ಬಿಚ್ಚು, ತೊಳೀಬೇಕು."