ನಮ್ಸ್ಕೂಲು

ಚೆಂಡು ಗೆರೆಯ ಒಳಗೇ ಬಿತ್ತು. ಹುಡುಗಿ ಕಣ್ಣಾರೆ ಕಂಡಳು. ಆದರೂ ಪಂದ್ಯಕ್ಕೆ ಬಂದಿದ್ದ ಬೇರೆ ಶಾಲೆಯವರು "ಔಟ್, ಔಟ್" ಎಂದು ಆಕಾಶ ಭೂಮಿ ಒಂದು ಮಾಡುತ್ತಿದ್ದರು.

ಅವಳು ಈ ಶಾಲೆಗೆ, ಏಳನೇ ತರಗತಿಗೆ, ಈ ವರ್ಷವಷ್ಟೇ ಸೇರಿದವಳು. ಬಂದ ಹೊಸದರಲ್ಲಿ ಬಾಯಿ ಬಿಟ್ಟರೆ ಹಳೇ ಶಾಲೆಯ ಪುರಾಣ: "ನಮ್ಮ ಸ್ಕೂಲಲ್ಲಿ ಬೆಂಚು ಹೀಗೆ ಅಲ್ಲಾಡಲ್ಲ. ನಮ್ಮ ಸ್ಕೂಲಲ್ಲಿ ಬೆಲ್ ಇಷ್ಟು ಜೋರಾಗಿ ಹೊಡೆಯಲ್ಲ." ಮಕ್ಕಳು ಬಿಡುತ್ತಾರೆಯೇ? "ನಮ್ಸ್ಕೂಲು" ಎಂದೇ ಹೆಸರಿಟ್ಟರು. ಅಂದಿನಿಂದ ಅವಳ ಬಾಯಿಗೆ ಬೀಗ. ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಬಿಡುತ್ತಿದ್ದಳು.

ದಿನಾ ಅವಳ ಅಳು ನೋಡಲಾರದೆ ಅಮ್ಮ ಸೋತಿದ್ದಳು. "ಈ ವಾರ ನೋಡೋಣ. ಹೊಂದ್ಕೊಳ್ಳೋಕೆ ಆಗ್ಲೇ ಇಲ್ಲ ಅಂದ್ರೆ ದೊಡ್ಡಮ್ಮನ ಮನೇಲಿದ್ದುಕೊಂಡು ಹಳೇ ಸ್ಕೂಲಿಗೇ ಹೋಗುವಂತೆ." ಆ ವಾರ ಇವತ್ತಿಗೆ ಮುಗಿಯುತ್ತಿತ್ತು. ಅಮ್ಮನನ್ನು ಬಿಟ್ಟಿರುವುದು ಹುಡುಗಿಗೆ ಕಷ್ಟ. ಇಲ್ಲಿರುವುದೂ ಅಷ್ಟೇ ಕಷ್ಟ.

ಇವತ್ತು ಶಾಲೆಯ ಥ್ರೋಬಾಲ್ ತಂಡದವಳೊಬ್ಬಳು ಕಾಲು ಉಳುಕಿಸಿಕೊಂಡಳೆಂದು ಆಟದ ಮೇಷ್ಟ್ರು ಕೈಗೆ ಸಿಕ್ಕ ಇವಳನ್ನು ತಂದು ನಿಲ್ಲಿಸಿದ್ದರು.

"ಒಳಗೇ ಬಿತ್ತು ಸಾರ್!" ತಂಡದ ನಾಯಕಿ ಕೂಗಿದಳು. ಅವಳನ್ನು ಎಲ್ಲರೂ ಉದ್ದಜಡೆ ಎನ್ನುತ್ತಿದ್ದರು.

"ಸುಳ್ಳು! ನೀವೆಲ್ಲ ಸುಳ್ಳುಬುರುಕರು!" ಎಂದರು ಆಚೆಯವರು.

ಹುಡುಗಿಗೆ ಮೈಯೆಲ್ಲ ಉರಿದುಹೋಯಿತು. "ನಮ್ಮ ಸ್ಕೂಲಲ್ಲಿ ಯಾರೂ ಸುಳ್ಳು ಹೇಳಲ್ಲ!"

ಅಯ್ಯೋ, ಮತ್ತೆ ಅದೇ ಮಾತು! ಅವಳು ನಾಲಿಗೆ ಕಚ್ಚಿಕೊಂಡಳು. ಉದ್ದಜಡೆ ನಿಧಾನಕ್ಕೆ ತಿರುಗಿದಳು.

"ಯಾವ ಸ್ಕೂಲೇ?"

ಹುಡುಗಿ ಕಾಲಡಿಯ ಮಣ್ಣು ನೋಡಿದಳು. "ಇದೇ ಕಣೇ."

ಉದ್ದಜಡೆ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು: "ಯಾರೂ ಹೇಳಲ್ವಾ? ಹೋಂವರ್ಕ್ ಮನೇಲಿ ಮರೆತುಬಂದೆ ಅಂತ ದಿನಾ ಹೇಳೋಳು ನಾನೇ ಅಲ್ವೇನೇ!"

ಹುಡುಗಿಗೆ ನಗು ಕಿತ್ತುಕೊಂಡು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಂದ್ಯ ಸೋತರು, ಅದು ಬೇರೆ ಮಾತು.

"ಏ ನಮ್ಸ್ಕೂಲು, ನಾಳೆ ಬೇಗ ಬಾರೇ! ಪ್ರಾಕ್ಟೀಸ್ ಇದೆ!" ಗೇಟಿನ ಬಳಿ ಉದ್ದಜಡೆ ಕೂಗಿದಳು. ಅದೇ ಅಡ್ಡಹೆಸರು, ಆದರೆ ಇವತ್ತು ಚುಚ್ಚಲಿಲ್ಲ. ದಾರಿಯುದ್ದಕ್ಕೂ ಹುಡುಗಿಗೆ ಎದೆ ಹಗುರವಾಗಿತ್ತು.

ಮನೆಯಲ್ಲಿ ಅಮ್ಮ ಫೋನ್ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. "ದೊಡ್ಡಮ್ಮನಿಗೆ ಏನು ಹೇಳ್ಲಿ ಪುಟ್ಟಾ?"

"ರಜಕ್ಕೆ ಬರ್ತಾಳೆ ಅನ್ನು." ಹುಡುಗಿ ಬಗ್ಗಿ ಶೂ ಲೇಸಿನ ಗಂಟು ಎಳೆಯುತ್ತಿದ್ದಳು. "ನಮ್ಮ ಸ್ಕೂಲಿಗೆ ರಜ ಕೊಟ್ಟಾಗ."

ಅಮ್ಮ ಫೋನ್ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತಳು. ಮಗಳ ಕಾಲನ್ನು ತೊಡೆಯ ಮೇಲೆಳೆದುಕೊಂಡು, ಮಣ್ಣು ಮೆತ್ತಿ ಬಿಗಿದುಹೋಗಿದ್ದ ಗಂಟನ್ನು ತಾನೇ ಬಿಚ್ಚತೊಡಗಿದಳು.